ಮುಂದಿನ ಗಾಲಿ ಅಣ್ಣಂದು, ಹಿಂದಿನ ಗಾಲಿ ತಮ್ಮಂದು

ಗ್ಯಾರೇಜಿನ ಹಿಂದ ಮನಿ ಇದ್ದಾಕಿಗೆ ನಗಾಕ ಅಂತ ಬ್ಯಾರೆ ಕಡೆ ಹೋಗೂ ಗರಜಿಲ್ಲ ನೋಡ್ರಿ. ನಗಿ ತಾನ ಬಾಗಲಿಗೆ ಬಂದು ಹಾರನ್ ಹೊಡೀತೈತಿ. ಗಾಡಿದು ಏನು ಕೆಟ್ಟೈತಿ ಅಂತ ನಮ್ಮ ಮನಿಯವರು ನೋಡ್ತಾರ, ಗಾಡಿ ತಂದವರದು ಏನು ಕೆಟ್ಟೈತಿ ಅಂತ ನಾ ನೋಡ್ತೀನಿ. ಅಥಣಿ ಊರ ಹೊರಗ ರಸ್ತಾದ ಬಾಜೂಕ ನಮ್ಮ ತಗಡಿನ ಶೆಡ್ಡು, ಅದರ ಹಿಂದ ಎರಡು ಖೋಲಿ ಮನಿ, ಮನಿ ಮುಂದ ಒಂದು ಬೇವಿನ ಗಿಡ. ಲಗ್ನ ಆಗಿ ಬಂದಾಗಿಂದ ಇಷ್ಟ ನನ್ನ ಜಗತ್ತು. ಆದ್ರ ಇಷ್ಟರಾಗ ನೋಡಿದ್ದನ್ನ ಹೇಳಾಕ ಕುಂತ್ರ ತವಾದ ಮ್ಯಾಲಿನ ರೊಟ್ಟಿ ಹೊತ್ತಿ ಹೊಕ್ಕಾವು.

ಮುಖ್ಯ ಹೇಳಬೇಕಂದದ್ದು ಸತ್ತಿ ಊರಿನ ಅಣ್ಣ-ತಮ್ಮರ ಜೀಪಿಂದು. ಅದರ ಬ್ರೇಕ್ ಪೆಡಲ್ ಮೆತ್ತಗಾಗಿತ್ತು, ಆ ಪೆಡಲಿನ್ಯಾಗ ಒಂದು ಹುಡುಗಿ ಲಗ್ನ ಸಿಕ್ಕೊಂಡಿತ್ತು. ಆದ್ರ ಅದಕ್ಕೂ ಮೊದಲ ನನ್ನ ನೌಕರಿ ಏನು ಅಂತ ನಿಮಗ ತಿಳೀಬೇಕು. ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ.

೧. ನನ್ನ ನೌಕರಿ

ನನ್ನ ನೌಕರಿ ಬ್ರೇಕ್ ಒತ್ತೂದು. ನಗಬ್ಯಾಡ್ರಿ, ಖರೇನ ಹೇಳಾಕತ್ತೇನಿ.

ಬ್ರೇಕಿನ ಸಾಮಾನು ಹೊಸಾದು ಹಾಕಿದಾಗ ಆಯಿಲ್ ಪೈಪಿನ್ಯಾಗ ಹವಾ ಸೇರಿಕೊಂಡ ಬಿಡತೈತಿ. ಹವಾ ಸೇರಿದ್ರ ಪೆಡಲ್ ಮೆತ್ತಗ, ನೆನಸಿದ ಅವಲಕ್ಕಿ ತುಳದಂಗ. ಗಾಡಿ ನಿಲ್ಲೂದಿಲ್ಲ. ಆ ಹವಾ ತಗಿಯಾಕ ಇಬ್ಬರು ಬೇಕು. ಒಬ್ಬರು ಮ್ಯಾಲ ಕುಂತು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ಗಾಲಿ ಹತ್ರ ಮಲಗಿ ಅಲ್ಲಿರೂ ಸಣ್ಣ ನಿಪ್ಪಲ್ ಸಡಲ ಮಾಡಬೇಕು. ಆಯಿಲ್ ಜೋಡಿ ಗುಳ್ಳಿ ಗುಳ್ಳಿ ಹವಾ ಹೊರಗ ಬರತೈತಿ. ಕೆಳಗಿನವರು ನಿಪ್ಪಲ್ ತಿರುಗಿ ಬಿಗಿ ಮಾಡೂತನಕ ಮ್ಯಾಲಿನವರು ಕಾಲು ತಗಿಬಾರದು. ತಗದ್ರೋ ಮುಗೀತು, ಹೋದ ಹವಾ ತಿರುಗಿ ಒಳಗ ಹೊಕ್ಕತಿ.

ಹೊಸ ಸೊಸಿ ಇದ್ದಾಗಿನ ಮಾತು. ನಮ್ಮ ಮನಿಯವರು ಗಾಡಿ ಕೆಳಗ, ನಾ ಸೀಟಿನ ಮ್ಯಾಲ. ನನಗ ಇನ್ನೂ ರೂಢಿ ಇರಲಿಲ್ಲ, ಕಾಲು ಜಾರತಿತ್ತು. ಅವರು ಕೆಳಗಿಂದ ಒದರತಿದ್ರು, "ಒತ್ತು! ಹಿಡಿ! ಬಿಡಬ್ಯಾಡ! ಬಿಟ್ಟಿ? ಯಾರು ಬಿಡು ಅಂದ್ರು ನಿನಗ?"

ಬಾಜೂ ಮನ್ಯಾಗ ಒಬ್ಬಾಕಿ ಆಯಿ ಇದ್ದಾಳ. ಎಮ್ಮಿ ಸಾಕಿಕೊಂಡು ಇರ್ತಾಳ, ಓಣಿ ನ್ಯಾಯ ಎಲ್ಲಾ ಆಕೀನ ಮಾಡೂದು. ಇದನ್ನ ಕೇಳಿಸಿಕೊಂಡು ಸೆಗಣಿ ಕೈಲೇ ಓಡಿ ಬಂದ್ಲು. "ಏನೋ ಭಾಡ್ಯಾ, ಅರಿಷಿಣ ಆರದ ಹುಡುಗಿನ್ನ ಕೆಲಸಕ್ಕ ಹಚ್ಚಿ ಮ್ಯಾಲ ಬೈತೀ?" ಅಂತ ನನ್ನ ರಟ್ಟಿ ಹಿಡದು ಸೀಟಿನಿಂದ ಕೆಳಗ ಜಗ್ಗೇ ಬಿಟ್ಲು. ನಿಪ್ಪಲ್ ಬಾಯಿ ತಕ್ಕೊಂಡಿತ್ತು. ಕೆಳಗ ಮಲಗಿದವರ ಮಾರಿ ತುಂಬ ಆಯಿಲ್.

ಅವರು ತೆವಳಿಕೊಂಡು ಹೊರಗ ಬಂದು, "ಆಯಿ, ಮುಂಜಾನಿಂದ ತಗದ ಹವಾ ಎಲ್ಲಾ ತಿರುಗಿ ಒಳಗ ಹೋತು" ಅಂದ್ರು.

ಆಯಿ ಸೊಂಟದ ಮ್ಯಾಲ ಕೈಯಿಟ್ಟು, "ಹೋಗ್ಲಿ. ಇವತ್ತ ಆಕಿ ಕುಂತು ಉಣ್ಣಲಿ, ಪೆಡಲ್ ನೀ ಒತ್ತು" ಅಂದ್ಲು.

೨. ದೇವರಾದ ಪಾನಾ

ಖಂಡೇನವಮಿ ದಿನ ನಾವು ನಟ್ಟು ತಿರುವೂ ಪಾನಾದಿಂದ ಹಿಡದು ಹತಾರ ಎಲ್ಲಾ ತೊಳದು, ವಿಭೂತಿ ಕುಂಕುಮ ಹಚ್ಚಿ, ಹೂವು ಏರಿಸಿ ಪೂಜಾಕ್ಕ ಇಟ್ಟಿರತೀವಿ. ಮರುದಿನ ಬನ್ನಿ ಕೊಟ್ಟು ಬರೂತನಕ ಯಾರೂ ಮುಟ್ಟೂದಿಲ್ಲ. ಒಂದು ವರ್ಷ ಅವತ್ತ ನಿಪ್ಪಾಣಿ ಕಡೆ ಮಾಸ್ತರೊಬ್ಬರು ಕಾರು ತಗೊಂಡು ಬಂದ್ರು. ಬ್ರೇಕಿಗೆ ಹೊಸ ಪ್ಯಾಡ್ ಹಾಕಿಸಿದ್ರಂತ, ಆವಾಗಿಂದ ಪೆಡಲ್ ತಳಾ ಮುಟ್ಟತಿತ್ತು. ಹಿಂದಿನ ಸೀಟಿನ್ಯಾಗ ಅವರ ಅತ್ತಿ ಕಣ್ಣು ಮುಚ್ಚಿ ಕೈ ಮುಗದು ಕುಂತಿದ್ರು.

"ಪೂಜಾಕ್ಕಿಟ್ಟ ಪಾನಾ ಮುಟ್ಟಾಕ ಬರಂಗಿಲ್ರಿ ಸರ. ನಾಳೆ ಬನ್ನಿ ಮುಗಿಸಿಕೊಂಡು ಬರ್ರಿ" ಅಂದ್ರು ನಮ್ಮವರು.

"ನಾಳೆ ಬರಬೇಕಂದ್ರ ಇವತ್ತ ಉಳೀಬೇಕಲ್ರಿ ಮಿಸ್ತ್ರಿ" ಅಂದ್ರು ಮಾಸ್ತರ. ಹಿಂದಿಂದ ಅತ್ತಿ ಕಣ್ಣು ತಗೀದಂಗನ "ಹೌದ್ರೆಪ್ಪಾ" ಅಂದ್ರು.

ನನಗ ಪಾಪ ಅನಿಸ್ತು. ಆಗ ನೆನಪಾತು, ನಮ್ಮ ಅಡಗಿಮನಿ ನಳದ ಚಾವಿ ಮುರದು ಎಷ್ಟೋ ದಿನ ಆಗಿತ್ತು. ಮಿಸ್ತ್ರಿ ಮನಿ ನಳ ಯಾವಾಗ ರಿಪೇರಿ ಆಗತೈತಿ ಹೇಳ್ರಿ? ಅದನ್ನ ತಿರುವಾಕ ಅಂತ ನಾ ಒಂದು ಸಣ್ಣ ಪಾನಾ ನಳದ ಮ್ಯಾಲ ಇಟ್ಕೊಂಡಿದ್ನಿ. ಅದಕ್ಕ ಪೂಜಾನೂ ಆಗಿರಲಿಲ್ಲ, ಕುಂಕುಮಾನೂ ಇರಲಿಲ್ಲ. ತಂದು ಕೊಟ್ನಿ, ನಿಪ್ಪಲಿಗೆ ಸರಿಯಾಗಿ ಕುಂತಿತು. ನಾ ಒತ್ತಿದ್ನಿ, ಅವರು ಹವಾ ತಗದ್ರು, ಪೆಡಲ್ ಗಟ್ಟಿ ಆತು.

ಮಾಸ್ತರ ಅತ್ತಿ ಖುಷಿಗೆ ಕಾರಿನಿಂದ ಇಳದು, ತಮ್ಮ ತಲ್ಯಾಗಿನ ಹೂವು ತಗದು ಆ ಪಾನಾಕ್ಕ ಏರಿಸಿ, ಹಣಿ ಕುಂಕುಮಾನ ಅದಕ್ಕ ಹಚ್ಚಿ, "ನನ್ನ ಜೀವ ಉಳಿಸಿದ ದೇವರು ಇದ" ಅಂತ ನಮಸ್ಕಾರ ಮಾಡಿ ಹೋದ್ರು.

ನಾ ನಳದ ನೀರು ಬಿಡೂಣಂತ ಪಾನಾಕ್ಕ ಕೈ ಹಾಕಿದ್ನಿ. ನಮ್ಮವರು, "ಏ ಏ, ಪೂಜಾ ಆಗೈತಿ, ಮುಟ್ಟಬ್ಯಾಡ!" ಅಂದ್ರು. ಅವತ್ತ ಹಬ್ಬದ ಹೋಳಿಗಿ ಪಾತ್ರಿ ಎಲ್ಲಾ ಆಯಿ ಮನಿಯಿಂದ ನೀರು ಹೊತ್ತು ತೊಳದ್ನಿ.

೩. ಹವಾ ಯಾರ ಪಾಲಿಗೆ

ಇನ್ನ ಜೀಪಿಗೆ ಬರೂಣು.

ಎಲ್ಲಾರ ಕಿಸೇದಾಗೂ ಗುಂಡಿ ಒತ್ತೂ ಮೊಬೈಲು ಬಂದಿದ್ದ ಕಾಲ. ತುಳಸಿ ಲಗ್ನ ಮುಗದು ಊರಾಗೆಲ್ಲಾ ಹಂದರ ಏಳಾಕ ಹತ್ತಿದ್ದುವು. ಒಂದ ಮುಂಜಾನಿ ಸತ್ತಿಯಿಂದ ಒಂದು ಹಳೇ ಜೀಪು ನಿಧಾನಕ ಬಂದು, ನಮ್ಮ ಬೇವಿನ ಗಿಡಕ್ಕ ಮೆಲ್ಲಕ ಆನಿಕೊಂಡು ನಿಂತಿತು. ಬ್ರೇಕ್ ಹತ್ತೂದಿಲ್ಲ ಅನ್ನೂದು ಆಗಲೇ ತಿಳೀತು. ಸ್ಟೇರಿಂಗ್ ಹಿಡದಾಂವ ದೊಡ್ಡಣ್ಣ. ಹಿಂದಿನ ಸೀಟಿನ ತುದಿಗೆ ಸಣ್ಣಣ್ಣ, ಮಾರಿ ಹೊರಗ ಮಾಡಿ ಕುಂತಿದ್ದ. ಇಬ್ಬರ ನಡುವ ಅವರ ತಂಗಿ. ಇಬ್ಬರೂ ಕಬ್ಬಿನ ಹೊಲದ ಧಣಿಗಳು, ದಪ್ಪ ಮೀಸಿ, ಅಚ್ಚ ಬಿಳಿ ಅಂಗಿ.

"ಏನಾಗೈತ್ರಿ?" ಅಂತ ನಮ್ಮವರು ಕೇಳಿದ್ರು.

ದೊಡ್ಡಣ್ಣ ತಂಗಿ ಕಡೆ ಹೊಳ್ಳಿ, "ಅವನ ಕಡೆ ಏನೋ ಕೆಟ್ಟೈತಿ ಅಂತ ಹೇಳವಾ" ಅಂದ.

ಸಣ್ಣಣ್ಣನೂ ತಂಗಿಗೆ ಅಂದ, "ನನ್ನ ಕಡೆ ಎಲ್ಲಾ ಹೊಸಾದು ಐತಿ, ಮುಂದ ನೋಡ್ಕೋ ಅಂತ ಹೇಳು."

ಇಬ್ಬರ ನಡುವ ಒಂದು ಮೊಳ ಜಾಗಾನೂ ಇರಲಿಲ್ಲ. ಆ ಹುಡುಗಿ ಪಾಪ ಕುತ್ತಿಗಿ ಆ ಕಡೆ ಈ ಕಡೆ ತಿರುವಿ, "ದೊಡ್ಡಣ್ಣ ಹಿಂಗ ಅಂತಾನ, ಸಣ್ಣಣ್ಣ ಹಂಗ ಅಂತಾನ" ಅಂತ ಹೇಳಾಕತ್ತಿದ್ಲು. ಗಂಡ ಹೆಂಡಿರ ಜಗಳದಾಗ ಕೂಸು ಬಡವಾತು ಅಂತಾರಲ್ಲ, ಇಲ್ಲಿ ಅಣ್ಣ ತಮ್ಮರ ಜಗಳದಾಗ ತಂಗಿ ಬಡವಾಗಿದ್ಲು.

ಕಥಿ ಏನಂದ್ರ, ಮೂರು ವರ್ಷದ ಹಿಂದ ಇಬ್ಬರೂ ಪಾಲಾಗಿದ್ರು. ಹೊಲ ಪಾಲಾತು, ಎಮ್ಮಿ ಪಾಲಾದುವು, ಅಡಗಿಮನಿ ನಡುವ ಗ್ವಾಡಿ ಬಂತು. ಜೀಪು ಮಾತ್ರ ಕೊಯ್ಯಾಕ ಬರಲಿಲ್ಲ. ಕಡೀಕ ಊರ ಹಿರಿಯರು ಕುಂತು ನ್ಯಾಯ ಹೇಳಿದ್ರಂತ, "ಮುಂದಿನ ಗಾಲಿ ಅಣ್ಣಂದು, ಹಿಂದಿನ ಗಾಲಿ ತಮ್ಮಂದು. ಯಾರ ಕಡಿದು ಕೆಡತೈತಿ ಅವರ ರಿಪೇರಿ ಮಾಡಸಬೇಕು. ಒಬ್ಬರದು ಇನ್ನೊಬ್ಬರು ಮುಟ್ಟಬಾರದು." ಆವಾಗಿಂದ ಮಾತು ಬಂದ್. ಅಣ್ಣ ಉಗಾರದ ಸಕ್ಕರಿ ಫ್ಯಾಕ್ಟರಿಗೆ ಕಬ್ಬು ಹಾಕಾಕ ಹೋದಾಗ ಮುಂದಿನ ಬ್ರೇಕಿನ ಸಾಮಾನು ಬದಲಿಸಿಕೊಂಡು ಬಂದ. ತಮ್ಮ ಹಟಕ್ಕ ಬಿದ್ದು ರಾಯಬಾಗಕ್ಕ ಹೋಗಿ ಹಿಂದಿಂದು ಬದಲಿಸಿದ. ನಡುವಿನ ಪೆಡಲ್ ಯಾರಿಗೂ ಸೇರಿರಲಿಲ್ಲ. ಅದಕ್ಕ ಯಾರೂ ಕೇಳಲಿಲ್ಲ, ಅದು ಮೆತ್ತಗಾತು.

ನಮ್ಮವರು ಪೆಡಲ್ ಒತ್ತಿ ನೋಡಿ, "ಪೈಪಿನ್ಯಾಗ ಹವಾ ಐತ್ರಿ" ಅಂದ್ರು.

"ಹವಾ ನನ್ನ ಗಾಲಿ ಕಡೆ ಇಲ್ಲ ಅಂತ ಹೇಳವಾ" ಅಂದ ದೊಡ್ಡಣ್ಣ.

"ಮುಂದಿಂದ ಹಿಂದ ಬಂದಿರತೈತಿ ಅಂತ ಹೇಳು" ಅಂದ ಸಣ್ಣಣ್ಣ.

"ಪೈಪು ನಡುವಿಂದು. ಅದರಾಗಿನ ಹವಾ ಯಾರ ಪಾಲಿಗೆ ಬರತೈತಿ ಅಂತ ಮಿಸ್ತ್ರೀನ್ನ ಕೇಳವಾ" ಅಂದ ದೊಡ್ಡಣ್ಣ.

ನಮ್ಮವರು ಹಣಿ ಒರಿಸಿಕೊಂಡು, "ಅದು ನನ್ನ ಪಾಲಿಗೇ ಬಂದೈತ್ರಿ" ಅಂದ್ರು.

೪. ಯಾರು ನಕ್ಕರು

ಕೆಲಸ ಚಾಲೂ ಆತು. ತಂಗಿ ನನ್ನ ಜೋಡಿ ಅಡಗಿಮನಿಗೆ ಬಂದ್ಲು, ಚಾ ಸೋಸಾಕ. ಸೋಸುವಾಗ ಕಣ್ಣಾಗ ನೀರು ತಂದ್ಲು.

"ಅಕ್ಕಾರ, ನನ್ನ ಲಗ್ನ ಎಂಟ ದಿನಕ್ಕ ಐತ್ರಿ. ಭೋಜ ಊರಿಗೆ ಕೊಟ್ಟಾರ. ಹುಡುಗ ಚೊಲೊ ಅದಾನ, ಮನಿ ಚೊಲೊ ಐತಿ. ಆದ್ರ ದೊಡ್ಡಣ್ಣ ಜೀಪಿನ್ಯಾಗ ಬರ್ತಾನಂತ, ಸಣ್ಣಣ್ಣ ಹಿಂದ ಫಟಫಟಿ ಮ್ಯಾಲ ಬರ್ತಾನಂತ. ಇವತ್ತ ಲಗ್ನದ ಸೀರಿ ಖರೀದಿ, ಅದಕ್ಕ ಕಾಲು ಬಿದ್ದು ಇಬ್ಬರನ್ನೂ ಒಂದ ಗಾಡ್ಯಾಗ ಹಾಕಿಕೊಂಡು ಬಂದೇನಿ. ನನ್ನ ಗಂಡನ ಮನಿಗೆ ಕಳಿಸೂವಾಗೂ ಇಬ್ಬರೂ ಜೋಡಿ ಕುಂತು ಮಾತಾಡಕೋತ ಬರದಿದ್ರ, ಖರೇ ಹೇಳತೀನ್ರಿ, ನಾ ಅಕ್ಷತಾ ಹಾಕಿಸಿಕೊಳ್ಳಂಗಿಲ್ಲ."

"ಹಂಗಂತ ಅವರಿಗೆ ಹೇಳಿಯೇನು?" ಅಂದ್ನಿ.

"ಹೇಳೇನ್ರಿ. ದೊಡ್ಡಣ್ಣ, ಅವನಿಗೆ ಹೇಳು ಅಂದ. ಸಣ್ಣಣ್ಣ, ಅವಗೇ ಹೇಳು ಅಂದ."

ನನಗ ನಗಿ ಬಂತು, ತಡಕೊಂಡ್ನಿ. ಹುಟ್ಟುತ ಅಣ್ಣ ತಮ್ಮ, ಬೆಳೀತ ದಾಯಾದಿ ಅಂತ ಗಾದಿ ಮಾಡಿದವರು ನಡುವಿನ ತಂಗಿ ಪಾಡು ಏನು ಅಂತ ಹೇಳೇ ಇಲ್ಲ ನೋಡ್ರಿ.

ಹೊರಗ ಬಂದು ನಾ ಪೆಡಲ್ ಒತ್ತಾಕ ಕುಂತ್ನಿ. ಒತ್ತಿದ್ನಿ, ಹಿಡದ್ನಿ, ಬಿಟ್ನಿ. ಒಂದ ಡಬ್ಬಿ ಆಯಿಲ್ ಖಾಲಿ ಆತು. ಪೆಡಲ್ ಮೆತ್ತಗಂದ್ರ ಮೆತ್ತಗ. ನಮ್ಮವರು ತಲಿ ಕೆರಕೋತ ಮುಂದಿನ ಗಾಲಿ ಬಿಚ್ಚಿ ನೋಡಿ ನಗಾಕ ಹತ್ತಿದ್ರು. ಹೊಸ ಸಾಮಾನು ಹಾಕಿದವರು ಪ್ಯಾಡ್ ಹಿಡಿಯೂ ಕ್ಯಾಲಿಪರ್ ಎಡಗಡೆದು ಬಲಗಡೆ, ಬಲಗಡೆದು ಎಡಗಡೆ ಹಾಕಿಬಿಟ್ಟಿದ್ರು. ಮ್ಯಾಲ ಇರಬೇಕಾದ ನಿಪ್ಪಲ್ ಕೆಳಗ ಬಂದಿತ್ತು. ಹವಾ ಹಗುರ, ಅದು ಮ್ಯಾಲ ನಿಂತಿರತೈತಿ. ತೂತು ಕೆಳಗ ಇದ್ರ ಹೊರಗ ಹೆಂಗ ಬಂದೀತು?

ಸಣ್ಣಣ್ಣ ಆಕಾಶ ನೋಡಕೋತ ನಿಂತಿದ್ದ. ಮೀಸಿ ಅಳ್ಳಾಡತಿತ್ತು.

"ನಗಬ್ಯಾಡ ಅಂತ ಹೇಳು ಅವಗ" ಅಂದ ದೊಡ್ಡಣ್ಣ.

"ನಾ ನಕ್ಕಿಲ್ಲ ಅಂತ ಹೇಳು" ಅಂದ ಸಣ್ಣಣ್ಣ.

ತಂಗಿ ಬ್ಯಾಸತ್ತು, "ನಕ್ಕಾನಣ್ಣಾ, ನಾ ನೋಡೇನಿ" ಅಂದ್ಲು.

ಆಮ್ಯಾಲ ನಮ್ಮವರು ಹಿಂದಿನ ಗಾಲಿ ಬಿಚ್ಚಿದ್ರು. ಅಲ್ಲಿ ಬ್ರೇಕಿನ ಹೊಸ ಲೈನರ್ ಹಾಕಿದವರು ಅದನ್ನ ಗಾಲಿ ಡ್ರಮ್ಮಿಗೆ ಹತ್ರ ಹೊಂದಸಾಕ ಮರತಿದ್ರು, ಲೊಡಲೊಡ ಅಂತಿತ್ತು. ಈಗ ದೊಡ್ಡಣ್ಣ ಬೇವಿನ ಗಿಡದ ಕಡೆ ಮಾರಿ ಮಾಡಿ ಹೆಗಲು ಕುಣಿಸಾಕ ಹತ್ತಿದ.

ಸಣ್ಣಣ್ಣ ಅಂದ, "ಈಗ ಯಾರು ನಗಾಕತ್ತಾರ ಅಂತ ಕೇಳು."

ದೊಡ್ಡಣ್ಣ ಅಂದ, "ಇದು ಕೆಮ್ಮು ಅಂತ ಹೇಳವಾ."

೫. ಲಿಂಬಿಹಣ್ಣು

ಎಲ್ಲಾ ಸರಿ ಮಾಡಿ ಹವಾ ತಗದ ಮ್ಯಾಲ ಪೆಡಲ್ ಚೊಲೊ ಗಟ್ಟಿ ಆತು. ಆದ್ರ ಮುಂದಿನ ಒಂದು ಪ್ಯಾಡ್ ವಾರಿ ಕುಂತಿತ್ತು. ನಮ್ಮವರು ಅದನ್ನ ಬಿಚ್ಚಿ, ಒಳಗಿನ ಪಿಸ್ಟನ್ ಹಿಂದ ದಬ್ಬಿ, ಪ್ಯಾಡ್ ನೆಟ್ಟಗ ಕುಂದರಿಸಿದ್ರು. ಹಿಂಗ ಮಾಡಿದ ಮ್ಯಾಲ ನಿಂತಲ್ಲೇ ನಾಕೈದು ಸಲ ಪೆಡಲ್ ಒತ್ತಬೇಕು, ಅಂದ್ರ ಪ್ಯಾಡ್ ತನ್ನ ಜಾಗಾಕ್ಕ ಬರತೈತಿ. ಅಲ್ಲೀತನಕ ಬ್ರೇಕ್ ಇರೂದಿಲ್ಲ. "ಕೈ ತೊಳದು ಬರತೀನಿ, ಯಾರೂ ಮುಟ್ಟಬ್ಯಾಡ್ರಿ" ಅಂತ ಹೇಳಿ ಅವರು ಒಳಗ ಹೋದ್ರು.

ಅಷ್ಟರಾಗ ದೊಡ್ಡಣ್ಣ ಗಡಿಯಾರ ನೋಡಿದ. "ಅಯ್ಯ ಶಿವನ, ರಾಹುಕಾಲ ಬಂತು! ಅದಕ್ಕಿಂತ ಮೊದಲ ಲಿಂಬಿಹಣ್ಣು ತುಳಿಸಿ ಗಾಡಿ ಹೊರಗ ತಗಿಬೇಕು" ಅಂದ. ಬ್ರೇಕಿನ ಕೆಲಸ ಆದ್ರ ನಮ್ಮ ಕಡೆ ಲಿಂಬಿಹಣ್ಣು ಗಾಲಿ ಕೆಳಗ ಇಡೂದು, ಕಾಯಿ ಒಡಿಯೂದು ಇದ್ದದ್ದ. ಆದ್ರ ಇಲ್ಲಿ ಅದರಾಗೂ ಪಾಲು. ಮುಂದಿನ ಗಾಲಿ ಕೆಳಗ ಅಣ್ಣನ ಲಿಂಬಿಹಣ್ಣು, ಹಿಂದಿನ ಗಾಲಿ ಕೆಳಗ ತಮ್ಮನ ಲಿಂಬಿಹಣ್ಣು. ಕಾಯಿ ಮಾತ್ರ ನನ್ನ ಕೈಯಾಗ ಕೊಟ್ರು.

"ಅಣ್ಣಾರ, ಮಿಸ್ತ್ರಿ ಬರಲಿ ತಡೀರಿ" ಅಂದ್ನಿ.

"ರಾಹು ತಡೀತಾನೇನ್ರಿ ವೈನಿ?" ಅಂದಾಂವ ಜೀಪು ಚಾಲೂ ಮಾಡೇ ಬಿಟ್ಟ. ತಂಗಿನೂ ಸಣ್ಣಣ್ಣನೂ ಆಗಲೇ ಹಿಂದ ಹತ್ತಿ ಕುಂತಿದ್ರು.

ಜೀಪು ನಾಕೂ ಲಿಂಬಿಹಣ್ಣು ಚೊಲೊ ತುಳೀತು. ತುಳದ ಮ್ಯಾಲ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ದೊಡ್ಡಣ್ಣ ಒತ್ತಿದ, ಪೆಡಲ್ ತಳಾ ಮುಟ್ಟಿತು. "ಯವ್ವಾ!" ಅಂದ. ನಾ ಕಾಯಿ ಒಗದು ಬಾಜೂಕ ಜಿಗದ್ನಿ, ಪಾದ ಹೊರಳಿ ಕುಂತ್ನಿ. ಜೀಪು ಸಾವಕಾಶ ಹೋಗಿ ಆಯಿ ಕಣಿಕಿ ಬಣವಿ ಒಳಗ ಅರ್ಧ ಹೊಕ್ಕು ನಿಂತಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ಬಾನೆಟ್ ಮ್ಯಾಲಿನ ಚೆಂಡುಹೂವಿನ ಮಾಲಿ ಆಯಿ ಎಮ್ಮಿ ತಿನ್ನಾಕ ಹತ್ತಿತು.

ಆಯಿ ಬಂದ್ಲು. "ಯಾರೋ ನನ್ನ ಬಣವಿಗೆ ಹೊಡದವರು?"

ದೊಡ್ಡಣ್ಣ ತಲೀಮ್ಯಾಲಿನ ಕಣಿಕಿ ತಕ್ಕೋತ, "ಆಯಿ, ಗಾಡಿ ದಬ್ಬೂದು ಹಿಂದಿನ ಗಾಲಿ. ಅದು ನಂದಲ್ಲ" ಅಂದ.

ಸಣ್ಣಣ್ಣ ಹಿಂದಿಂದ, "ಹಾದಿ ತೋರಸೂದು ಮುಂದಿನ ಗಾಲಿ. ಅದು ನಂದಲ್ಲ" ಅಂದ.

ಆಯಿ ಇಬ್ಬರನ್ನೂ ಮ್ಯಾಲಿಂದ ಕೆಳಗ ನೋಡಿ, "ಅಂದ್ರ ನಡುವ ಕುಂತ ಹುಡುಗಿ ಹೊಡದಾಳೇನು? ಬಾರವಾ, ನೀನರ ಒಪ್ಕೊ" ಅಂದ್ಲು.

೬. ಒತ್ತು ಅಂತ, ಒತ್ತೇನಿ ಅಂತ

ಬಣವಿ ಒಳಗ ಎಮ್ಮಿ ಕಟ್ಟೂ ಗೂಟ ಇತ್ತು. ಅದಕ್ಕ ಸಿಕ್ಕು ಜೀಪಿನ ಬ್ರೇಕ್ ಪೈಪು ಹರದು ಆಯಿಲ್ ಎಲ್ಲಾ ಹರದು ಹೋತು. ಹೊಸ ಪೈಪು ಮಿರಜಿನಿಂದ ಬರಬೇಕಿತ್ತು. ಬಂದ ಮ್ಯಾಲ ಫೋನ್ ಮಾಡಿದ್ವಿ, ಮೂವರೂ ಬಸ್ಸಿನ್ಯಾಗ ಬಂದ್ರು. ಅಣ್ಣ ಡ್ರೈವರನ ಹಿಂದಿನ ಸೀಟಿನ್ಯಾಗ, ತಮ್ಮ ಕಡೇ ಸೀಟಿನ್ಯಾಗ ಕುಂತು ಬಂದಿದ್ರಂತ. ಲಗ್ನ ನಾಕ ದಿನಕ್ಕ ಬಂದಿತ್ತು. ತಂಗಿ ಕೈತುಂಬ ಹಸರು ಬಳಿ ಇಡಿಸಿಕೊಂಡಿದ್ಲು, ಮಾರಿ ಮಾತ್ರ ಬಾಡಿತ್ತು.

"ಏನಾತವಾ?" ಅಂದ್ನಿ.

"ನಿನ್ನೆ ಸಣ್ಣಣ್ಣ ಫಟಫಟಿಗೆ ಹೊಸ ಟೈರ್ ಹಾಕಿಸ್ಯಾನ್ರಿ ಅಕ್ಕಾರ, ಭೋಜಿಗೆ ಹೋಗಾಕ" ಅಂದಾಕಿನ ಗಳಗಳ ಅತ್ತ ಬಿಟ್ಲು.

ನನ್ನ ಸಿಟ್ಟು ನೆತ್ತಿಗೇರಿತು. ನಾ ಬೇವಿನ ಗಿಡದ ಕೆಳಗ ಹೊರಸಿನ ಮ್ಯಾಲ ಕುಂತಿದ್ನಿ, ಪಾದಕ್ಕ ಅರಿಷಿಣ ಹಚ್ಚಿ ಅರಿವಿ ಸುತ್ತಿತ್ತು. ಪೈಪು ಹಾಕಿದ್ದಾತು, ಇನ್ನ ಹವಾ ತಗಿಯೂದು ಉಳದಿತ್ತು. ಒತ್ತೂ ನೌಕರಿಯಾಕಿ ಕಾಲು ಹೊರಳಿಸಿಕೊಂಡು ಕುಂತಿದ್ಲು. ನಮ್ಮವರು, "ಈಗ ಪೆಡಲ್ ಯಾರು ಒತ್ತತಾರ?" ಅಂದ್ರು.

"ಯಾರು ಅಂದ್ರ?" ಅಂದ್ನಿ ನಾ, ಜೋರಲೇ. "ಹಿರಿಯರ ಮಾತು ಐತಲ್ಲ. ಪೆಡಲ್ ಇರೂದು ಮುಂದ, ದೊಡ್ಡಣ್ಣಾರ ಒತ್ತಲಿ. ಹಿಂದಿನ ಗಾಲಿ ನಿಪ್ಪಲ್ ಸಣ್ಣಣ್ಣಾರದು, ಅವರ ಬಿಚ್ಚಲಿ. ಒಬ್ಬರದು ಇನ್ನೊಬ್ಬರು ಮುಟ್ಟಬಾರದು ಅಂತ ಹೇಳ್ಯಾರ. ರೀ, ನೀವೂ ಮುಟ್ಟಬ್ಯಾಡ್ರಿ, ಪಾಪ ಬರತೈತಿ."

ನಮ್ಮವರು ನನ್ನ ಮಾರಿ ನೋಡಿದ್ರು. ತಿಳೀತು. ಹೋಗಿ ಒಂದು ಪಾನಾ ತಂದ್ರು. ಒಂದ ಪಾನಾ ಇಬ್ಬರೂ ಹಿಡಿಯಂಗಿಲ್ಲ ಅಂದ್ರು ಈ ಪುಣ್ಯಾತ್ಮರು. ಆಗ ತಮ್ಮಗ ನಮ್ಮ ನಳದ ಪಾನಾ ಕೊಟ್ವಿ.

ಚಾಲೂ ಆತು. ಸಣ್ಣಣ್ಣ ಗಾಡಿ ಕೆಳಗ ಮಲಗಿ, "ಒತ್ತು ಅಂತ ಹೇಳು" ಅಂದ. ತಂಗಿ, "ಅಣ್ಣಾ, ಒತ್ತು ಅಂತ" ಅಂದ್ಲು. "ಒತ್ತೇನಿ ಅಂತ ಹೇಳವಾ." "ಒತ್ತ್ಯಾನಂತ ಅಣ್ಣಾ." ಇಂವ ಬಿಚ್ಚಿದ. "ಹಿಡಿ ಅಂತ ಹೇಳು." ಈ ಮಾತು ತಂಗಿ ಬಾಯಿಂದ ಮುಂದ ಹೋಗೂದರಾಗ ಅಂವ ಕಾಲು ತಗದಿದ್ದ. ಹವಾ ತಿರುಗಿ ಒಳಗ. ಮತ್ತೊಮ್ಮೆ, ಅದ ಕಥಿ. ಮಗದೊಮ್ಮೆ ಹೊತ್ತಿಲ್ಲದ ಹೊತ್ತಿನ್ಯಾಗ ಒತ್ತಿದ, ಆಯಿಲ್ ಸಣ್ಣಣ್ಣನ ಮೀಸಿ ಮ್ಯಾಲ ಚಿಮ್ಮಿತು.

"ಕಣ್ಣಾಗ ಹೊಡದ ಅಂತ ಹೇಳು!"

"ಬೇಕಂತ ಹೊಡದಿಲ್ಲ ಅಂತ ಹೇಳವಾ!"

ತಂಗಿ ನಡುವ ನಿಂತು ಇಬ್ಬರನ್ನೂ ನೋಡಿದ್ಲು. ಬಳಿ ಸರಿಸಿದ್ಲು, ಸೆರಗು ಸೊಂಟಕ್ಕ ಸಿಗಿಸಿದ್ಲು. "ನನ್ನ ಕೈಲಿ ಆಗೂದಿಲ್ಲ. ನಾ ಚಾ ಕುಡಿಯಾಕ ಹೋಗತೀನಿ" ಅಂದಾಕಿನ, ಸಣ್ಣಣ್ಣ ಗಾಡಿ ಕೆಳಗ ಮಲಗೂವಾಗ ಕೊಟ್ಟಿದ್ದ ಮೊಬೈಲು ಹಿಡಕೊಂಡು ಹಂಗ ಬಂದು ನನ್ನ ಹೊರಸಿನ ಮ್ಯಾಲ ಕುಂತ್ಲು.

ಗ್ಯಾರೇಜು ತಣ್ಣಗಾತು. ಆಯಿ ಎಮ್ಮಿ ಮೆಲಕಾಡಿಸೂದು ಸುದ್ಧಾ ಕೇಳತಿತ್ತು. ಒಬ್ಬಾಂವ ಮ್ಯಾಲ, ಒಬ್ಬಾಂವ ಕೆಳಗ, ನಡುವ ಹೇಳಾಕ ಯಾರೂ ಇಲ್ಲ. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಕೊಂಡಿದ್ಲು. ನಾ ಮನಸಿನ್ಯಾಗ ನಮ್ಮ ನಳದ ಪಾನಾಕ್ಕ ಕೈ ಮುಗದ್ನಿ.

ಭಾಳ ಹೊತ್ತಾದ ಮ್ಯಾಲ ಕೆಳಗಿಂದ ಸಣ್ಣ ದನಿ ಬಂತು. ಯಾರಿಗೂ ಅಲ್ಲದಂಗ, ಗಾಲಿಗೆ ಅಂದಂಗ. "ಒತ್ತು."

ಪೆಡಲ್ ಒತ್ತಿದ ಸಪ್ಪಳಾತು.

"ಹಿಡಿ."

ಆಯಿಲಿನ್ಯಾಗ ಗುಳ್ಳಿ ಬಂದುವು. ದೊಡ್ಡಣ್ಣನ ಚಪ್ಪಲ್ ಜಾರಿತು ಕಾಣತೈತಿ, ಸಣ್ಣಣ್ಣ ಒಮ್ಮೆಲೇ, "ಬಿಡಬ್ಯಾಡೋ ಅಣ್ಣಾ!" ಅಂತ ಒದರಿದ.

"ಬಿಟ್ಟಿಲ್ಲಲೇ! ಹಿಡದೇನಿ! ನೀ ಬಿಗಿ ಮಾಡು ಮೊದಲ!" ಅಂತ ಮ್ಯಾಲಿಂದ ಬಂತು.

ತಾವ ಮಾತಾಡಿದ್ದು ಇಬ್ಬರಿಗೂ ಈಗ ಕೇಳಿಸಿತ್ತು. ನನ್ನ ಬಾಜೂಕ ತಂಗಿ ಸೆರಗಲೇ ಬಾಯಿ ಮುಚ್ಚಿಕೊಂಡಿದ್ಲು. ನನಗೂ ಕಣ್ಣು ತುಂಬಿ ಬಂದುವು, ಸುಳ್ಳು ಯಾಕ ಹೇಳ್ಲಿ.

ಹಿಂದಿಂದು ಮುಗದ ಮ್ಯಾಲ ಮುಂದಿನ ಗಾಲಿ. ಅದು ಅಣ್ಣನ ಪಾಲು, ಅಣ್ಣ ಕೆಳಗ ಮಲಗಬೇಕು, ತಮ್ಮ ಮ್ಯಾಲ ಕುಂದರಬೇಕು. ದೊಡ್ಡಣ್ಣ ಧೋತರ ಎತ್ತಿಕೊಂಡು ಬಗ್ಗೂದರಾಗ ಸಣ್ಣಣ್ಣ ಓಡಿ ಹೋಗಿ ಒಂದು ಗೋಣಿಚೀಲ ತಂದ. "ಹಾಸ್ಕೊ ಅಣ್ಣಾ, ನಿನ್ನ ಬೆನ್ನು ಹಿಡೀತೈತಿ."

"ಬೆನ್ನು ಹಿಡಿಯೂದು ನಿನಗ ನೆನಪೈತೇನಲೇ?" ಅಂದ ದೊಡ್ಡಣ್ಣ, ಗಾಡಿ ಕೆಳಗಿಂದ.

"ನೆನಪೈತಿ. ಎಣ್ಣಿ ತಿಕ್ಕಿದಾಂವ ನಾನ ಅಲ್ಲೇನು?"

ಆಮ್ಯಾಲ ಮಾತು ನಿಲ್ಲಲೇ ಇಲ್ಲ. ಒತ್ತು, ಹಿಡಿ ಅನ್ನೂದರ ನಡುವ ಅವನ ಎಮ್ಮಿ ಹಾಲು, ಇವನ ಬೋರಿನ ನೀರು, ಕಬ್ಬಿಗೆ ಬಿದ್ದ ಹುಳ, ಗ್ವಾಡಿ ಕಟ್ಟಿದ ಗೌಂಡಿ ಮಾಡಿದ ಮೋಸ, ಎಲ್ಲಾ ಬಂತು. ನಮ್ಮವರು ನನ್ನ ಕಿವ್ಯಾಗ, "ಹವಾ ಯಾವಾಗಲೋ ಹೋಗೈತಿ, ಪೆಡಲ್ ಕಲ್ಲಿನಂಗ ಆಗೈತಿ. ಹೇಳೂಣೇನು?" ಅಂದ್ರು.

"ಸುಮ್ಮನಿರ್ರಿ," ಅಂದ್ನಿ, "ಇನ್ನೂ ಸ್ವಲ್ಪ ತಗೀಲಿ."

೭. ಮಾತು ಬಿಟ್ಟಾಕಿ

ಎಲ್ಲಾ ಆತು. ಈ ಸಲ ನಮ್ಮವರು ನಿಂತಲ್ಲೇ ಪೆಡಲ್ ಒತ್ತಿಸಿ, ಗಟ್ಟಿ ಐತಿ ಅಂತ ತಾವ ನೋಡಿ, ಆಮ್ಯಾಲ ಲಿಂಬಿಹಣ್ಣು ಇಡಾಕ ಬಿಟ್ರು. ಅಣ್ಣ ಸ್ಟೇರಿಂಗಿಗೆ, ತಮ್ಮ ಬಾಜೂಕ, ಮುಂದಿನ ಸೀಟಿನ್ಯಾಗ. ಮೂರು ವರ್ಷದ ಮ್ಯಾಲ ಇಬ್ಬರೂ ಜೋಡಿ ಕುಂತ್ರು. ಜೀಪು ಲಿಂಬಿಹಣ್ಣು ತುಳೀತು, ಠಕ್ ಅಂತ ನಿಂತಿತು. ನಾವೆಲ್ಲಾ ಚಪ್ಪಾಳಿ ಹೊಡದ್ವಿ, ಆಯಿ ದೂರಿಂದ ದೃಷ್ಟಿ ತಗದ್ಲು. ಜೀಪು ಮುಂದ ಹೋತು, ರಸ್ತಾಕ್ಕ ಹತ್ತಿತು, ಧೂಳು ಎಬ್ಬಿಸಿಕೊಂಡು ಸತ್ತಿ ಕಡೆ ಹೋಗೇ ಬಿಟ್ಟಿತು.

ನಾ ಧೂಳು ನೋಡಕೋತ ಕುಂತಿದ್ನಿ. ಒಂದು ಸಪ್ಪಳ ಕೇಳಿಸ್ತು, ಬಾಜೂಕ ಯಾರೋ ಸುರ್ ಅಂತ ಚಾ ಕುಡದಂಗ. ಹೊಳ್ಳಿ ನೋಡ್ತೀನಿ, ಮದುಮಗಳು ಇಲ್ಲೇ ಕುಂತಾಳ!

"ಅಯ್ಯ ನಮ್ಮವ್ವ! ನೀ ಇಲ್ಲೇ ಅದಿಯೇನ?"

ಬಾಯಿಗೆ ಇಟ್ಟ ಬಶಿ ಹಂಗ ಹಿಡದು, "ನನ್ನ ಬಿಟ್ಟ ಹೋದ್ರ?" ಅಂದ್ಲು.

ದೊಡ್ಡಣ್ಣಗ ಫೋನ್ ಹಚ್ಚಿದ್ಲು. ಆಯಿಲ್ ಹತ್ತೀತು ಅಂತ ಅಂವ ಮೊಬೈಲು ನಮ್ಮ ಶೆಡ್ಡಿನ ಹಲಗಿ ಮ್ಯಾಲ ಇಟ್ಟಿದ್ದ, ಅಲ್ಲೇ ಗುಂಯ್ ಅಂತು. ಸಣ್ಣಣ್ಣನ ಮೊಬೈಲು ಅಂತೂ ಆಕಿ ಕೈಯಾಗೇ ಇತ್ತು, ಅದರಿಂದನ ಹಚ್ಚಿದ್ಲು. ಇನ್ನ ಯಾರಿಗೆ ಹಚ್ಚೂದು? ಆಯಿ ಹೇಳಿದ್ಲು, "ಸುಮ್ಮನ ಕುಂದ್ರವಾ. ಬ್ರೇಕ್ ಚೊಲೊ ಐತಲ್ಲ, ನೆನಪಾದ ಕೂಡ್ಲೇ ನಿಲ್ಲತಾರ."

ನೆನಪಾಗಾಕ ಸತ್ತಿ ಮುಟ್ಟಬೇಕಾತು. ದೊಡ್ಡಣ್ಣನ ಹೆಂಡ್ತಿ ಬಾಗಲಾಗ ನಿಂತು, ಇಬ್ಬರೂ ಜೋಡಿ ನಗಕೋತ ಇಳಿಯೂದು ನೋಡಿ ಖುಷಿಗೆ ಆರತಿ ತಾಟು ತರಾಕ ಹೊಳ್ಳಿದಾಕಿ, ನಿಂತು, "ಮದುಮಗಳು ಎಲ್ಲಿ?" ಅಂದ್ಲಂತ. ಅಣ್ಣ ತಮ್ಮನ ಮಾರಿ ನೋಡಿದ, ತಮ್ಮ ಅಣ್ಣನ ಮಾರಿ ನೋಡಿದ. ಇಬ್ಬರೂ ತಿರುಗಿ ಜೀಪು ಹತ್ತಿದ್ರು.

ನಮ್ಮ ಶೆಡ್ಡಿನ ಮುಂದ ಬಂದು ನಿಂತಾಗ ಇಬ್ಬರದೂ ಮಾರಿ ನೋಡೂವಂಗ ಇತ್ತು. "ತಂಗಿ, ತಪ್ಪಾತವಾ" ಅಂದ ದೊಡ್ಡಣ್ಣ. "ಮಾತಿನ ಗುಂಗಿನ್ಯಾಗ ಮರತ್ವಿ" ಅಂದ ಸಣ್ಣಣ್ಣ. "ನೀ ಹಿಂದ ಹತ್ತಿದಿ ಅಂತ ಇಂವ ತಿಳದಿದ್ದ." "ಏ, ಹಿಂದ ನೋಡು ಅಂತ ನೀ ನನಗೆಲ್ಲಿ ಹೇಳಿದಿ?" ಅಲ್ಲೇ ಒಂದು ಹೊಸ ಜಗಳಕ್ಕ ತಯಾರಾದ್ರು, ಆದ್ರ ಮಾರಿಗೆ ಮಾರಿ ಕೊಟ್ಟು.

ಹುಡುಗಿ ಎದ್ಲು. ಬಳಿ ಸರಿ ಮಾಡಿಕೊಂಡ್ಲು. ಇಬ್ಬರ ಕಡೆನೂ ನೋಡದಂಗ ಹೋಗಿ ಹಿಂದಿನ ಸೀಟಿನ್ಯಾಗ ಕುಂತು, ಕೈ ಕಟ್ಟಿ, ಮೂಗು ಮ್ಯಾಲ ಮಾಡಿದ್ಲು. ಕಣ್ಣಾಗ ನಗಿ ತುಳಕತಿತ್ತು, ನನಗಷ್ಟ ಕಂಡಿತು. ಆಮ್ಯಾಲ ನನ್ನ ಕಡೆ ಹೊಳ್ಳಿ ಅಂದ್ಲು,

"ಅಕ್ಕಾರ, ಮುಂದಿನ ಗಾಲಿಯವರಿಗೆ ಹೇಳ್ರಿ, ಗಾಡಿ ಬಿಡು ಅಂತ. ಹಿಂದಿನ ಗಾಲಿಯವರಿಗೆ ಹೇಳ್ರಿ, ಬಾಗಲಾ ಹಾಕು ಅಂತ. ನಾ ಇವರಿಬ್ಬರ ಜೋಡಿ ಮಾತು ಬಿಟ್ಟೇನಿ."

ಅಣ್ಣನೂ ತಮ್ಮನೂ ಒಂದ ಸಲಕ್ಕ ನನ್ನ ಕಡೆ ಹೊಳ್ಳಿದ್ರು. "ಕೇಳಿಸ್ತು ಅಂತ ಹೇಳ್ರಿ ವೈನಿ."